ಕೆಸರಿನೊಳಗಿನ ಮೇಫ್ಲೈ: ಹೊಳೆ, ಕೆರೆಗಳ ತಳವನ್ನು ಪರೀಕ್ಷಿಸಲು ಒಂದು ಸಮಗ್ರ ಮಾರ್ಗದರ್ಶಿ

ಒಂದು ಬಾಟಲಿ ನೀರನ್ನು ಪ್ರಯೋಗಾಲಯಕ್ಕೆ ಕಳಿಸಿದರೆ, ಬಾಟಲಿ ತುಂಬಿದ ಹೊತ್ತಿನಲ್ಲಿ ಆ ನೀರು ಹೇಗಿತ್ತು ಎಂಬುದು ತಿಳಿಯುತ್ತದೆ. ಮೂರು ವಾರದ ಹಿಂದೆ, ಗಾಳಿಯಾಡದ ಸೆಕೆಯ ರಾತ್ರಿಯಲ್ಲಿ ಕೆರೆಯ ತಳದ ಆಮ್ಲಜನಕ ಬರಿದಾಗಿತ್ತೇ ಎಂಬ ಪ್ರಶ್ನೆಗೆ ಬಾಟಲಿಯಲ್ಲಿ ಉತ್ತರವಿರುವುದಿಲ್ಲ. ಅದನ್ನು ಹೇಳಬಲ್ಲವರು ತಳದ ಕೆಸರಿನಲ್ಲಿ ಮನೆ ಮಾಡಿಕೊಂಡು ತಿಂಗಳುಗಟ್ಟಲೆ, ಕೆಲವು ಪ್ರಭೇದಗಳಲ್ಲಿ ವರ್ಷಗಟ್ಟಲೆ, ಅಲ್ಲೇ ಉಳಿಯುವ ಜೀವಿಗಳು. ಬಿಲ ತೋಡುವ ಮೇಫ್ಲೈಗಳ ಮರಿಗಳು ಅಂಥವು. ಅವುಗಳನ್ನು ಹುಡುಕುವುದು, ಎಣಿಸುವುದು, ಅಳೆಯುವುದು ಮತ್ತು ಸಿಕ್ಕ ಲೆಕ್ಕವನ್ನು ತಪ್ಪಾಗಿ ಓದದಿರುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕೊನೆಯದೇ ಕಷ್ಟದ ಕೆಲಸವಾದ್ದರಿಂದ ಅದಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ಹುಳುವಿನ ಪರಿಚಯ

ಮುಂಗಾರು ಶುರುವಾದಾಗ ದೀಪಕ್ಕೆ ಮುತ್ತುವ ರೆಕ್ಕೆಯ ಹುಳುಗಳನ್ನೆಲ್ಲ ನಾವು ಮಳೆಹುಳು ಎಂದುಬಿಡುತ್ತೇವೆ. ಅವುಗಳಲ್ಲಿ ಹೆಚ್ಚಿನವು ಗೆದ್ದಲಿನ ಈಸಲು. ನಾಲ್ಕು ರೆಕ್ಕೆಗಳೂ ಒಂದೇ ಅಳತೆಯವು, ಮುಟ್ಟಿದರೆ ಉದುರುವಂಥವು, ನೀರಿಗೂ ಅವಕ್ಕೂ ಸಂಬಂಧವಿಲ್ಲ. ಮೇಫ್ಲೈಯನ್ನು ಗುರುತಿಸುವುದು ಸುಲಭ. ಕುಳಿತಾಗ ಅದು ರೆಕ್ಕೆಗಳನ್ನು ಬೆನ್ನ ಮೇಲೆ ಚಿಟ್ಟೆಯಂತೆ ನೆಟ್ಟಗೆ ಜೋಡಿಸಿ ನಿಲ್ಲಿಸುತ್ತದೆ, ಹಿಂದಿನ ಜೋಡಿ ಮುಂದಿನದಕ್ಕಿಂತ ತೀರ ಚಿಕ್ಕದಾಗಿರುತ್ತದೆ, ಬಾಲದ ತುದಿಯಲ್ಲಿ ಎರಡೋ ಮೂರೋ ಕೂದಲೆಳೆಯಂಥ ಉದ್ದನೆಯ ಎಳೆಗಳಿರುತ್ತವೆ. ರೆಕ್ಕೆ ಬಂದ ಮೇಲೆ ಇದಕ್ಕೆ ಊಟವಿಲ್ಲ. ಬಾಯಿಯ ಭಾಗಗಳು ಕೆಲಸ ಮಾಡುವುದಿಲ್ಲ. ಒಂದೆರಡು ದಿನದಲ್ಲಿ ಜೊತೆಗೂಡಿ, ಮೊಟ್ಟೆಯಿಟ್ಟು ಸಾಯುತ್ತದೆ. ಅಮೆರಿಕದ ಆಗ್ನೇಯ ಭಾಗದ ಮರಳು ಹೊಳೆಗಳಲ್ಲಿರುವ ಡೊಲಾನಿಯಾ ಎಂಬ ಹೆಣ್ಣು ಮೇಫ್ಲೈಯ ರೆಕ್ಕೆಯ ಆಯುಸ್ಸು ಐದು ನಿಮಿಷವನ್ನೂ ಮುಟ್ಟುವುದಿಲ್ಲ.

ಹಾಗಾಗಿ ಈ ಹುಳುವಿನ ನಿಜವಾದ ಬದುಕು ನಡೆಯುವುದು ನೀರಿನೊಳಗೆ, ಮರಿಯಾಗಿ. ಜಗತ್ತಿನಲ್ಲಿ 3,500ಕ್ಕೂ ಹೆಚ್ಚು ಪ್ರಭೇದದ ಮೇಫ್ಲೈಗಳಿದ್ದು, ಬಹುಪಾಲಿನ ಮರಿಗಳು ಕಲ್ಲಿಗೆ ಅಂಟಿಕೊಂಡೋ ಜೊಂಡಿನ ನಡುವೆ ಈಜಿಕೊಂಡೋ ಬದುಕುತ್ತವೆ. ಬಿಲ ತೋಡುವವು ಕೆಲವೇ ಕುಟುಂಬಗಳು: ಎಫೆಮೆರಿಡೆ, ಪಾಲಿಮಿಟಾರ್ಸಿಡೆ, ಪ್ಯಾಲಿಂಜೆನಿಡೆ ಇವುಗಳಲ್ಲಿ ಮುಖ್ಯವಾದವು. ಇವುಗಳ ಮೈಕಟ್ಟನ್ನು ನೋಡಿದರೇ ಕಸುಬು ತಿಳಿಯುತ್ತದೆ. ದವಡೆಯಿಂದ ಕಾಡುಹಂದಿಯ ಕೋರೆಯಂತೆ ಎರಡು ದಾಡೆಗಳು ಮುಂದಕ್ಕೆ ಚಾಚಿರುತ್ತವೆ. ಮುಂಗಾಲುಗಳು ಗಿಡ್ಡವಾಗಿ, ಚಪ್ಪಟೆಯಾಗಿ, ಸಲಿಕೆಯಂತೆ ಇರುತ್ತವೆ. ಹೊಟ್ಟೆಯ ಎರಡೂ ಬದಿಯಿಂದ ಹೊರಟ ಗರಿಯಂಥ ಕಿವಿರುಗಳು ಬೆನ್ನ ಮೇಲಕ್ಕೆ ಮಡಚಿಕೊಂಡು ಅಲೆಯಲೆಯಾಗಿ ಬಡಿಯುತ್ತಿರುತ್ತವೆ. ಕೆಸರಿನಲ್ಲಿ ಇವು ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ, ಎರಡು ಬಾಯಿಗಳಿರುವ ಬಿಲ ತೋಡುತ್ತವೆ. ಕಿವಿರಿನ ಬಡಿತದಿಂದ ಒಂದು ಬಾಯಿಯಿಂದ ನೀರು ಒಳಬಂದು ಮೈಮೇಲೆ ಹರಿದು ಇನ್ನೊಂದರಿಂದ ಹೊರಹೋಗುತ್ತದೆ. ಅಂದರೆ, ಕೆಸರಿನಲ್ಲಿ ಆಮ್ಲಜನಕ ಇಲ್ಲದಿದ್ದರೂ ಈ ಮರಿ ಬದುಕಬಲ್ಲದು, ಆದರೆ ಕೆಸರಿಗೆ ತಾಗಿಕೊಂಡಿರುವ ನೀರಿನ ಪದರದಲ್ಲಿ ಅದು ಇರಲೇಬೇಕು. ಮುಂದಿನ ಮಾತೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಜಾಗವನ್ನು ಆರಿಸುವುದು

ಹೊಸಬರು ಹೆಚ್ಚಾಗಿ ತಪ್ಪುವುದು ಇಲ್ಲೇ. ಜಲಕೀಟ ಎಂದರೆ ಝರಿಯ ಕಲ್ಲೆತ್ತಿ ನೋಡುವುದು ಎಂಬ ಅಭ್ಯಾಸ ನಮಗಿದೆ. ಆದರೆ ಬಿಲ ತೋಡುವವರಿಗೆ ಕಲ್ಲು ಬೇಡ. ಸೆಳವು ಕಡಿಮೆಯಿರುವ ಕಡೆ, ಹೊಳೆ ತಿರುಗುವ ಒಳಮಗ್ಗುಲಲ್ಲಿ, ಮಡುವಿನ ಅಂಚಿನಲ್ಲಿ, ದೊಡ್ಡ ಬಂಡೆಯ ಹಿಂಬದಿಯಲ್ಲಿ, ಮರಳು ಮತ್ತು ಹೂಳು ಬೆರೆತು ಕೂತ ಜಾಗಗಳನ್ನು ಹುಡುಕಬೇಕು. ನಮ್ಮ ಪಶ್ಚಿಮಘಟ್ಟದ ಹಳ್ಳಗಳಲ್ಲಿ ಎಫೆಮೆರಾ ಕುಲದ ಮರಿಗಳು ಇಂಥ ಮರಳು, ನುರುಜುಗಲ್ಲಿನ ಹಾಸಿನಲ್ಲಿ ಹುದುಗಿರುತ್ತವೆ. ಪ್ಯಾಲಿಂಜೆನಿಡೆ ಕುಟುಂಬದವು ದೊಡ್ಡ ನದಿಗಳ ಜೇಡಿಮಣ್ಣಿನ ದಡದಲ್ಲಿ, ನೀರಿನ ಮಟ್ಟದ ಕೆಳಗೆ, ಜೇನುಹಟ್ಟಿಯಂತೆ ಸಾಲುಸಾಲಾಗಿ ತೂತು ಕೊರೆಯುತ್ತವೆ. ಹಂಗೆರಿಯ ಟಿಸಾ ನದಿಯ ಪ್ರಸಿದ್ಧ ಮೇಫ್ಲೈಯ ಮರಿ ಅಂಥ ದಡದಲ್ಲಿ ಮೂರು ವರ್ಷ ಕಳೆದು ಜೂನ್ ತಿಂಗಳಲ್ಲಿ ಮೇಲೇಳುತ್ತದೆ. ಆಫ್ರಿಕಾದ ಪೊವಿಲ್ಲಾ ಕೆಸರನ್ನೂ ಬಿಟ್ಟು ಮುಳುಗಿದ ಮರವನ್ನೇ ಕೊರೆಯುತ್ತದೆ. ಉತ್ತರ ಅಮೆರಿಕದ ಹೆಕ್ಸಾಜೀನಿಯಾಕ್ಕೆ ಬೇಕಾದದ್ದು ಸರೋವರದ ತಳದ ಮೆತ್ತನೆಯ ಹೂಳು.

ಕೆಸರು ಬಿಲಕ್ಕೆ ಒಗ್ಗುವಂಥದೇ ಎಂಬುದನ್ನು ತಿಳಿಯಲು ಪೆನ್ಸಿಲೊಂದು ಸಾಕು. ಮೊಣಕಾಲುದ್ದದ ನೀರಿನಲ್ಲಿ ಪೆನ್ಸಿಲನ್ನು ಕೆಸರಿಗೆ ಬೆರಳುದ್ದ ಚುಚ್ಚಿ, ಮೆಲ್ಲಗೆ ಹೊರತೆಗೆದು ಹತ್ತು ಎಣಿಸಿ. ತೂತು ಹಾಗೇ ನಿಂತರೆ ಬಿಲವೂ ನಿಲ್ಲುತ್ತದೆ. ಅಂಬಲಿಯಂತೆ ತೆಳುವಾದ ರಾಡಿಯಾದರೆ ತೂತು ಕೂಡಲೇ ಮುಚ್ಚಿಕೊಳ್ಳುತ್ತದೆ. ಶುದ್ಧ ಮರಳೂ ಕುಸಿಯುತ್ತದೆ, ಆದರೆ ಎಫೆಮೆರಾದ ವಿಷಯದಲ್ಲಿ ಅದನ್ನು ಕೊರತೆ ಎಂದು ಎಣಿಸಬೇಕಾಗಿಲ್ಲ. ಪೆನ್ಸಿಲಿನ ತುದಿಗೆ ಅಂಟಿ ಬಂದ ಮಣ್ಣನ್ನು ಮೂಸಿ ನೋಡುವುದನ್ನು ಮರೆಯಬೇಡಿ. ಮೇಲಿನ ಒಂದೆರಡು ಸೆಂಟಿಮೀಟರು ಕಂದು ಬಣ್ಣದ್ದಾಗಿದ್ದು ಕೆಳಗೆ ಕಪ್ಪಾಗಿದ್ದರೆ ಅದು ಸಹಜ. ಮೇಲ್ಮೈಯೇ ಕಪ್ಪಾಗಿ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿದ್ದರೆ ಅಲ್ಲಿ ಮೇಫ್ಲೈ ಸಿಗುವ ಆಸೆಯನ್ನು ಬಿಡಬಹುದು. ಹಾಗೆಂದು ಆ ಜಾಗವನ್ನು ಬಿಟ್ಟು ಮುಂದೆ ಹೋಗಬೇಡಿ, ಅದನ್ನೂ ಬರೆದುಕೊಳ್ಳಿ.

ಹೊಳೆಗಿಳಿಯುವ ಮುನ್ನ

ಮಲೆನಾಡಿನ ಹಳ್ಳಗಳಲ್ಲಿ ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿ ಅನುಕೂಲ: ನೀರು ತಿಳಿಯಾಗಿರುತ್ತದೆ, ಸೆಳವು ಇಳಿದಿರುತ್ತದೆ. ಮಳೆಗಾಲದ ಪ್ರವಾಹ ತಳವನ್ನೇ ಕಲಕಿ ಮರಿಗಳನ್ನು ಕೊಚ್ಚಿಕೊಂಡು ಹೋಗುವುದರಿಂದ, ಆಗಸ್ಟಿನಲ್ಲಿ ಮಾಡಿದ ಎಣಿಕೆಗೆ ಬೆಲೆ ಕಡಿಮೆ. ರಕ್ಷಿತಾರಣ್ಯ ಅಥವಾ ಅಭಯಾರಣ್ಯದೊಳಗಿನ ಹಳ್ಳವಾದರೆ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಹುಳುವನ್ನೂ ಎತ್ತಬಾರದು. ಅಣೆಕಟ್ಟಿನ ಕೆಳಗಿನ ಹೊಳೆಯಾದರೆ ಗೇಟು ತೆರೆಯುವ ಸಮಯವನ್ನು ವಿಚಾರಿಸಿಕೊಂಡೇ ಇಳಿಯಿರಿ. ಮರಳು ತೆಗೆದ ಹೊಳೆಗಳಲ್ಲಿ ಮೊಣಕಾಲುದ್ದದ ನೀರು ಎರಡೇ ಹೆಜ್ಜೆಯಲ್ಲಿ ಆಳುದ್ದದ ಗುಂಡಿಯಾಗುವುದುಂಟು. ಬಿದಿರಿನ ಕೋಲಿನಿಂದ ಮುಂದೆ ತಡವದೆ ಕಾಲಿಡಬಾರದು, ಒಬ್ಬರೇ ಇಳಿಯಲೂ ಬಾರದು. ಕೈಕಾಲಿನಲ್ಲಿ ಗಾಯವಿದ್ದರೆ ಇಲಿಜ್ವರದ ಭಯವಿರುವುದರಿಂದ ಗಂಬೂಟು, ರಬ್ಬರ್ ಕೈಗವಸು ಹಾಕಿಕೊಳ್ಳಿ.

ಸಾಮಾನು ಹೆಚ್ಚೇನೂ ಬೇಡ. ಪ್ರಯೋಗಾಲಯದವರು ತಳದ ಕೆಸರೆತ್ತಲು ಎಕ್‌ಮನ್ ಅಥವಾ ಪೋನಾರ್ ಎಂಬ ಹೆಸರಿನ ಲೋಹದ ದವಡೆಗಳನ್ನು ಬಳಸುತ್ತಾರೆ. ದೋಣಿಯಿಂದ ಆಳದ ಕೆಸರು ತೆಗೆಯಲು ಅವು ಬೇಕು, ನಡೆದು ಹೋಗಬಹುದಾದ ನೀರಿಗೆ ಬೇಡ. ಒಳವ್ಯಾಸ 10 ಸೆಂ.ಮೀ. ಇರುವ, ಮುಕ್ಕಾಲು ಮೀಟರ್ ಉದ್ದದ ಪಿವಿಸಿ ಪೈಪಿನ ತುಂಡು, ಅದರ ಬಾಯಿಗೆ ಬಿಗಿಯಾಗಿ ಕೂರುವ ಎರಡು ಮುಚ್ಚಳ, ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ, ಎರಡು ಬಿಳಿ ಬೋಗುಣಿ, ಮೆತ್ತನೆಯ ಕುಂಚ, ಪ್ಲಾಸ್ಟಿಕ್ ಚಮಚ, ಕೈಮಸೂರ, ಮಿಲಿಮೀಟರ್ ಗುರುತಿನ ಅಳತೆಪಟ್ಟಿ, ಥರ್ಮಾಮೀಟರ್ ಇಷ್ಟಿದ್ದರೆ ಆಯಿತು. ಕರಗಿದ ಆಮ್ಲಜನಕ ಅಳೆಯುವ ಮೀಟರನ್ನು ಹತ್ತಿರದ ಕಾಲೇಜಿನಿಂದ ಎರವಲು ಪಡೆಯಲು ಸಾಧ್ಯವಾದರೆ ಬಹಳ ಒಳ್ಳೆಯದು. ಚಿಮುಟ ಬೇಡ, ಅದು ಕಿವಿರನ್ನೂ ಬಾಲವನ್ನೂ ಕಿತ್ತುಹಾಕುತ್ತದೆ.

ಕೆಸರು ತೆಗೆಯುವ ಕ್ರಮ

ಹರಿವಿನ ಕೆಳಗಿನಿಂದ ಮೇಲಕ್ಕೆ ನಡೆಯಬೇಕು. ಇಲ್ಲದಿದ್ದರೆ ನಿಮ್ಮ ಕಾಲು ಎಬ್ಬಿಸಿದ ರಾಡಿ ಮುಂದಿನ ಜಾಗಕ್ಕೆ ಹರಿದು ಎಲ್ಲವನ್ನೂ ಮುಚ್ಚುತ್ತದೆ. ಮೊದಲು ನೀರಿನ ಉಷ್ಣತೆ ಮತ್ತು ಆಮ್ಲಜನಕವನ್ನು ತಳಕ್ಕೆ ತಾಗಿದಂತೆ ಅಳೆದು ಬರೆದುಕೊಳ್ಳಿ. ಕೆರೆಯಾದರೆ ಈ ಕೆಲಸ ಸೂರ್ಯ ಮೂಡುವ ಮೊದಲೇ ಆಗಬೇಕು. ಹಗಲಿಡೀ ಪಾಚಿ, ಜಲಸಸ್ಯಗಳು ಆಮ್ಲಜನಕ ಕೊಡುತ್ತವೆ, ರಾತ್ರಿಯಿಡೀ ಅವೂ ಉಸಿರಾಡುತ್ತವೆ. ಹಾಗಾಗಿ ಮಧ್ಯಾಹ್ನ ಮೂರು ಗಂಟೆಗೆ ಅಳೆದರೆ ಹಸಿರುಗಟ್ಟಿದ ಕೆರೆಯೂ ಒಳ್ಳೆಯ ಅಂಕ ಪಡೆಯುತ್ತದೆ, ಅದರ ಬಂಡವಾಳ ಬಯಲಾಗುವುದು ಬೆಳಗಿನ ಜಾವದಲ್ಲಿ. ಸಮುದ್ರ ಮಟ್ಟದಲ್ಲಿ 25 ಡಿಗ್ರಿ ಉಷ್ಣತೆಯ ನೀರು ಲೀಟರಿಗೆ ಸುಮಾರು 8.3 ಮಿ.ಗ್ರಾಂ. ಆಮ್ಲಜನಕವನ್ನು ಹಿಡಿದಿಡಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.6 ಮಾತ್ರ.

ಪೈಪನ್ನು ನೆಟ್ಟಗೆ ಹಿಡಿದು, ತಿರುಗಿಸುತ್ತ, ಕೆಸರಿನೊಳಕ್ಕೆ ಕನಿಷ್ಠ 20 ಸೆಂ.ಮೀ. ಇಳಿಸಿ. ದೊಡ್ಡ ಮರಿಗಳ ಬಿಲ 10ರಿಂದ 15 ಸೆಂ.ಮೀ. ಆಳದವರೆಗೂ ಹೋಗುವುದರಿಂದ, ಮೇಲ್ಪದರವನ್ನಷ್ಟೇ ಕೆರೆದರೆ ದೊಡ್ಡವು ಕೈತಪ್ಪುತ್ತವೆ, ಆಮೇಲೆ ಇಲ್ಲಿ ಬರೀ ಎಳೆಯ ಮರಿಗಳಿವೆ ಎಂಬ ತಪ್ಪು ತೀರ್ಮಾನಕ್ಕೆ ಬರುತ್ತೀರಿ. ಪೈಪಿನಲ್ಲಿ ನೀರು ತುಂಬಿದ ಮೇಲೆ ಮೇಲಿನ ಮುಚ್ಚಳವನ್ನು ಬಿಗಿಯಾಗಿ ಹಾಕಿ, ಮೆಲ್ಲಗೆ ಎಳೆಯಿರಿ. ಒಳಗಿನ ಹೀರುವಿಕೆಯಿಂದ ಕೆಸರು ಜಾರದೆ ಮೇಲೆ ಬರುತ್ತದೆ. ನೀರಿನಿಂದ ಹೊರಬರುವ ಮುನ್ನವೇ ಕೆಳಗಿನ ಬಾಯಿಗೂ ಮುಚ್ಚಳ ಕೊಡಿ. ಮರಳು ತಳದಲ್ಲಿ ಈ ಉಪಾಯ ಪೂರ್ತಿ ಕೆಲಸ ಮಾಡುವುದಿಲ್ಲ. ಅಲ್ಲಿ ಪೈಪಿನ ಪಕ್ಕದಲ್ಲಿ ಕೈಯಿಂದ ತೋಡಿ, ಅಂಗೈಯನ್ನೇ ಅಡಿಗೆ ಕೊಟ್ಟು ಎತ್ತಬೇಕಾಗುತ್ತದೆ. ಹೀಗೆ ಒಂದೊಂದು ತಾಣದಲ್ಲೂ ಹತ್ತು ಸಲ, ಒಂದಕ್ಕೊಂದು ನಾಲ್ಕೈದು ಹೆಜ್ಜೆ ದೂರದಲ್ಲಿ, ಚೆನ್ನಾಗಿ ಕಂಡ ಜಾಗಗಳನ್ನೇ ಆರಿಸಿಕೊಳ್ಳದೆ ತೆಗೆಯಿರಿ.

ಕೆಸರನ್ನು ಜರಡಿಗೆ ಸುರಿದು, ಜರಡಿಯನ್ನು ಅರ್ಧ ನೀರಿನಲ್ಲಿ ಮುಳುಗಿಸಿ, ಅಕ್ಕಿಯಿಂದ ಕಲ್ಲನ್ನು ಗಾಳಿಸುವಾಗ ಮಾಡುವಂತೆ ಮೆಲ್ಲಗೆ ಸುತ್ತಿಸಬೇಕು. ಮೇಲಿಂದ ನೀರು ಹೊಯ್ದರೆ ಕಿವಿರು ಹರಿಯುತ್ತದೆ. ಉಳಿದದ್ದನ್ನು ತಿಳಿನೀರಿರುವ ಬಿಳಿ ಬೋಗುಣಿಗೆ ಮಗುಚಿ, ಎರಡು ನಿಮಿಷ ಏನೂ ಮಾಡದೆ ಕಾಯಿರಿ. ಕಸಕಡ್ಡಿ, ಎಲೆಚೂರು, ಖಾಲಿ ಶಂಖದ ಚಿಪ್ಪುಗಳ ನಡುವೆ ಏನೂ ಇಲ್ಲ ಎನ್ನಿಸುವಾಗ, ಕಡ್ಡಿಯೊಂದು ಇದ್ದಕ್ಕಿದ್ದಂತೆ ಮೈ ಬಳುಕಿಸಿ, ಮೀನಿನ ಮರಿಯಂತೆ ಮೇಲೆಕೆಳಗೆ ಅಲೆಯುತ್ತ ಈಜಿ, ಬೋಗುಣಿಯ ಮೂಲೆಯಲ್ಲಿ ಉಳಿದ ಚಿಟಿಕೆ ಮರಳಿಗೆ ತಲೆ ಹಾಕುತ್ತದೆ. ದಾಡೆಯಿಂದ ಎತ್ತುತ್ತದೆ, ಮುಂಗಾಲಿನಿಂದ ಎರಡೂ ಬದಿಗೆ ತಳ್ಳುತ್ತದೆ, ಹಿಂದಿನ ಕಾಲುಗಳಿಂದ ಮೈಯನ್ನು ಒತ್ತುತ್ತದೆ. ಮರಳು ಸಾಕಷ್ಟಿದ್ದರೆ ಕೆಲವೇ ಕ್ಷಣಗಳಲ್ಲಿ ಬಾಲದ ಎಳೆಗಳಷ್ಟೇ ಹೊರಗೆ ಕಾಣುತ್ತವೆ.

ಯಾರೆಂದು ತಿಳಿಯುವುದು

ಮೂರು ಬಾಲವಿದ್ದ ಮಾತ್ರಕ್ಕೆ ಮೇಫ್ಲೈ ಎನ್ನಬೇಡಿ. ಸೂಜಿಕೊಡತಿಯ ಮರಿಗೂ ಮೂರಿರುತ್ತವೆ, ಆದರೆ ಅವು ಎಲೆಯಂತೆ ಅಗಲವಾದ ಕಿವಿರುಗಳು. ಸ್ಟೋನ್‌ಫ್ಲೈ ಮರಿಗೆ ಬಾಲ ಎರಡು, ಪಾದದ ತುದಿಯಲ್ಲಿ ಉಗುರೂ ಎರಡು. ಮೇಫ್ಲೈಗೆ ಪಾದಕ್ಕೊಂದೇ ಉಗುರು. ದಾಡೆ ಕಂಡಿತೆಂದರೆ ಬಿಲದವರ ಬಳಗಕ್ಕೆ ಬಂದಿರಿ. ಮರಿಯನ್ನು ಪಕ್ಕದಿಂದ ನೋಡಿ: ದಾಡೆಯ ತುದಿ ಮೇಲ್ಮುಖವಾಗಿ ಬಾಗಿದ್ದರೆ ಎಫೆಮೆರಿಡೆ, ಕೆಳಮುಖವಾಗಿ ಬಾಗಿದ್ದರೆ ಪಾಲಿಮಿಟಾರ್ಸಿಡೆ, ಅಗಲವಾಗಿದ್ದು ಹೊರ ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿದ್ದರೆ ಪ್ಯಾಲಿಂಜೆನಿಡೆ. ದಾಡೆಯಿದ್ದೂ ಕಿವಿರುಗಳು ಬೆನ್ನ ಮೇಲೆ ಮಡಚಿಕೊಳ್ಳದೆ ಪಕ್ಕಕ್ಕೆ ಚಾಚಿದ್ದರೆ, ಮುಂಗಾಲು ಸಪೂರವಾಗಿದ್ದರೆ, ಅದು ಪೊಟಮ್ಯಾಂತಿಡೆ. ಅದು ಕಲ್ಲುಗಳ ಸಂದಿಯಲ್ಲಿರುವುದೇ ಹೆಚ್ಚು. ಕುಟುಂಬದ ಮಟ್ಟಕ್ಕೆ ನಿಲ್ಲಿಸುವುದು ನನ್ನ ಸಲಹೆ. ಪ್ರಭೇದವನ್ನು ಹೆಸರಿಸಲು ಸಾಮಾನ್ಯವಾಗಿ ರೆಕ್ಕೆ ಬಂದ ಗಂಡು ಬೇಕು, ತಜ್ಞರ ಕಣ್ಣೂ ಬೇಕು. ಕುಟುಂಬದವರೆಗೆ ಗುರುತಿಸಲು ಬೆಂಗಳೂರಿನ ಏಟ್ರೀ ಸಂಸ್ಥೆ 2007ರಲ್ಲಿ ಭಾರತದ ಜಲಕೀಟಗಳ ಬಗ್ಗೆ ಹೊರತಂದ ಕೈಪಿಡಿ ಕ್ಷೇತ್ರದಲ್ಲಿ ನೆರವಾಗುತ್ತದೆ.

ಪ್ರತಿ ತಾಣದಿಂದ ಒಂದೋ ಎರಡೋ ಮರಿಗಳನ್ನು ಮಾತ್ರ ಶೇ. 70ರಿಂದ 80ರ ಆಲ್ಕೋಹಾಲಿನಲ್ಲಿ ಇಡಬಹುದು, ಉಳಿದವನ್ನು ಅಳೆದು ಅಲ್ಲೇ ಬಿಡಿ. ಶೀಷೆಯೊಳಗೆ ಹಾಕುವ ಚೀಟಿಯನ್ನು ಪೆನ್ಸಿಲಿನಿಂದಲೇ ಬರೆಯಬೇಕು. ಮೊದಲ ವರ್ಷ ನಾನು ಒಳ್ಳೆಯ ಶಾಯಿಯ ಪೆನ್ನಿನಿಂದ ಚೆಂದವಾಗಿ ಬರೆದು ಹಾಕಿದ ಹದಿನಾಲ್ಕು ಚೀಟಿಗಳು ಒಂದೇ ತಿಂಗಳಲ್ಲಿ ಬೆಳ್ಳಗಾಗಿ, ಯಾವ ಹುಳು ಯಾವ ಹಳ್ಳದ್ದು ಎಂದು ಗೊತ್ತಾಗದೆ ಅಷ್ಟನ್ನೂ ಚೆಲ್ಲಬೇಕಾಯಿತು.

ಎಣಿಕೆ, ಅಳತೆ

10 ಸೆಂ.ಮೀ. ವ್ಯಾಸದ ಪೈಪು 78.5 ಚದರ ಸೆಂ.ಮೀ. ತಳವನ್ನು ಆವರಿಸುತ್ತದೆ, ಹತ್ತು ಸಲ ತೆಗೆದರೆ 785. ಒಂದು ಚದರ ಮೀಟರ್ ಎಂದರೆ 10,000 ಚದರ ಸೆಂ.ಮೀ. ಆದ್ದರಿಂದ, ಹತ್ತೂ ಸಲ ಸೇರಿ ಸಿಕ್ಕ ಮರಿಗಳ ಸಂಖ್ಯೆಯನ್ನು 12.7ರಿಂದ ಗುಣಿಸಿದರೆ ಚದರ ಮೀಟರಿಗೆ ಎಷ್ಟು ಎಂಬುದು ಬರುತ್ತದೆ. ಉದಾಹರಣೆಗೆ ಒಟ್ಟು 9 ಸಿಕ್ಕಿದ್ದರೆ ಸುಮಾರು 114. ಒಂದೇ ಪೈಪಿನಲ್ಲಿ ಆರು ಬಂದು ಉಳಿದವುಗಳಲ್ಲಿ ಒಂದೂ ಬಾರದಿರುವುದು ಸಾಮಾನ್ಯ. ಹಾಗಾಗಿ ಒಟ್ಟು ಮೊತ್ತದ ಜೊತೆಗೆ ಹತ್ತರ ಪೈಕಿ ಎಷ್ಟು ಪೈಪುಗಳಲ್ಲಿ ಮರಿಯಿತ್ತು ಎಂಬುದನ್ನೂ ಬರೆಯಿರಿ.

ಅನಂತರ ಪ್ರತಿ ಮರಿಯ ಉದ್ದವನ್ನು, ದಾಡೆ ಮತ್ತು ಬಾಲವನ್ನು ಬಿಟ್ಟು, ಹಣೆಯಿಂದ ಹೊಟ್ಟೆಯ ತುದಿಯವರೆಗೆ, ಮಿಲಿಮೀಟರಿನಲ್ಲಿ ಅಳೆಯಿರಿ. ಬಹಳ ಜನ ಈ ಹೆಜ್ಜೆಯನ್ನು ಬಿಟ್ಟುಬಿಡುತ್ತಾರೆ, ಬೇಸರದ ಕೆಲಸ ಎಂದು. ನನ್ನನ್ನು ಕೇಳಿದರೆ, ಎಣಿಕೆಯನ್ನು ಬಿಟ್ಟರೂ ಇದನ್ನು ಬಿಡಬಾರದು. ಏಕೆ ಎಂಬುದನ್ನು ಈರಿ ಸರೋವರದ ಕತೆಯೇ ಹೇಳುತ್ತದೆ.

ಅಮೆರಿಕ, ಕೆನಡಾಗಳ ನಡುವಿನ ಈರಿ ಸರೋವರದ ಪಶ್ಚಿಮ ಭಾಗದ ಸರಾಸರಿ ಆಳ ಎಂಟು ಮೀಟರನ್ನೂ ಮುಟ್ಟುವುದಿಲ್ಲ. ಇಷ್ಟು ತೆಳುವಾದ ನೀರನ್ನು ಗಾಳಿ ತಳದವರೆಗೂ ಕದಡುತ್ತಿರುವುದರಿಂದ, ಮೇಲಿನ ಆಮ್ಲಜನಕ ಕೆಳಗೆ ತಲುಪುತ್ತಿತ್ತು. ಹೆಕ್ಸಾಜೀನಿಯಾದ ಮರಿಗಳು ಅಲ್ಲಿ ಚದರ ಮೀಟರಿಗೆ ಮುನ್ನೂರರ ಮೇಲಿದ್ದವು. 1953ರ ಬೇಸಿಗೆಯ ಕೊನೆಯಲ್ಲಿ ಗಾಳಿ ಬಿದ್ದುಹೋಯಿತು, ಸೆಕೆ ನಿಂತಿತು. ಬಿಸಿಯಾದ ಮೇಲ್ಪದರ ತಂಪಾದ ತಳದ ನೀರಿನ ಮೇಲೆ ಮುಚ್ಚಳದಂತೆ ಕೂತಿತು. ಊರುಗಳ ಕೊಳಚೆ, ಹೊಲಗಳ ಗೊಬ್ಬರ ತಿಂದು ಬೆಳೆದ ಪಾಚಿ ಸತ್ತು ತಳದಲ್ಲಿ ಕೊಳೆಯುತ್ತಿತ್ತು; ಅದು ಕೆಳಗಿನ ಆಮ್ಲಜನಕವನ್ನು ಹೀರಿ ಮುಗಿಸಿತು. ಸೆಪ್ಟೆಂಬರ್ ಮೊದಲ ವಾರದಲ್ಲಿ ಓಹಾಯೊದ ಜೀವವಿಜ್ಞಾನಿ ಎನ್. ವಿಲ್ಸನ್ ಬ್ರಿಟ್ ಬಾಸ್ ದ್ವೀಪಗಳ ಸುತ್ತ ಕೆಸರೆತ್ತಿದಾಗ ಬಂದದ್ದು ಸತ್ತ ಮರಿಗಳು. ಆ ತಿಂಗಳ ಎಣಿಕೆ ಚದರ ಮೀಟರಿಗೆ 44ಕ್ಕೆ ಇಳಿದಿತ್ತು.

ಗಮನಿಸಬೇಕಾದದ್ದು ಮುಂದಿನ ವರ್ಷದ ಸಂಗತಿ. 1954ರಲ್ಲಿ ಮರಿಗಳ ಸಂಖ್ಯೆ ಮತ್ತೆ ಏರಿತು, ಚೇತರಿಕೆ ಎಂದೇ ಅದು ವರದಿಯಾಯಿತು. ಈರಿಯಲ್ಲಿ ಈ ಹುಳುವಿಗೆ ಮೊಟ್ಟೆಯಿಂದ ರೆಕ್ಕೆಯವರೆಗೆ ಸಾಮಾನ್ಯವಾಗಿ ಎರಡು ವರ್ಷ ಬೇಕು. ನೆಮ್ಮದಿಯ ತಳದಲ್ಲಿ ಚಿಕ್ಕವೂ ದೊಡ್ಡವೂ ಒಟ್ಟಿಗಿರಬೇಕು. ಒಂದು ಆಘಾತದ ನಂತರ ತುಂಬಿಕೊಂಡ ತಳದಲ್ಲಿ ಎಣಿಕೆ ದೊಡ್ಡದಿದ್ದರೂ ಎಲ್ಲವೂ ಒಂದೇ ಓರಗೆಯವು. ಇನ್ನೊಂದು ಕೆಟ್ಟ ಸೆಪ್ಟೆಂಬರ್ ಬಂದರೆ ಅಷ್ಟೂ ಒಮ್ಮೆಗೇ ಹೋಗುತ್ತವೆ. ಹೋದವು ಕೂಡ. ಆ ದಶಕ ಕಳೆಯುವುದರೊಳಗೆ ಪಶ್ಚಿಮ ಈರಿಯಲ್ಲಿ ಹೆಕ್ಸಾಜೀನಿಯಾ ಇಲ್ಲವೆನ್ನುವಷ್ಟಾಯಿತು. 1972ರಲ್ಲಿ ಅಮೆರಿಕದ ಶುದ್ಧಜಲ ಕಾಯಿದೆ ಮತ್ತು ಎರಡು ದೇಶಗಳ ನಡುವಿನ ಮಹಾಸರೋವರಗಳ ಒಪ್ಪಂದ ಬಂದು, ರಂಜಕದ ಹರಿವು ತಗ್ಗಿ, ಅವು ಮತ್ತೆ ಕಾಣಿಸಿಕೊಂಡದ್ದು 1990ರ ದಶಕದ ಆರಂಭದಲ್ಲಿ. ಈಗ ಅಲ್ಲಿ ಜೂನ್ ರಾತ್ರಿಗಳಲ್ಲಿ ಏಳುವ ಹಿಂಡುಗಳು ಹವಾಮಾನ ರೇಡಾರಿನ ಪರದೆಯ ಮೇಲೆ ಮಳೆಮೋಡದಂತೆ ಮೂಡುತ್ತವೆ. ಅದೇ ರೇಡಾರಿನ ದಾಖಲೆಗಳನ್ನು ಬಳಸಿ 2020ರಲ್ಲಿ ಪ್ರಕಟವಾದ ಅಧ್ಯಯನ, 2012 ಮತ್ತು 2019ರ ನಡುವೆ ಹಿಂಡುಗಳ ಗಾತ್ರ ಅರ್ಧಕ್ಕಿಂತ ಹೆಚ್ಚು ಕುಗ್ಗಿದೆಯೆಂದು ತೋರಿಸಿತು.

ನಿಮ್ಮ ಹಾಳೆಯ ಮೇಲೆ ಇದನ್ನು ಹೀಗೆ ಅನ್ವಯಿಸಿ. ಅಡ್ಡಗೆರೆಯ ಮೇಲೆ ಮರಿಯ ಉದ್ದ, ನೆಟ್ಟಗೆರೆಯ ಮೇಲೆ ಸಂಖ್ಯೆ ಹಾಕಿ, ಪ್ರತಿ ತಿಂಗಳಿಗೊಂದು ಚಿತ್ರ ಬರೆಯಿರಿ. ಎರಡು ಮೂರು ಗುಡ್ಡಗಳು ಕಂಡರೆ ಹಲವು ಓರಗೆಯವು ಒಟ್ಟಿಗಿವೆ. ಒಂದೇ ಗುಡ್ಡವಿದ್ದು ಅದು ತಿಂಗಳಿಂದ ತಿಂಗಳಿಗೆ ಬಲಕ್ಕೆ ಸರಿಯುತ್ತಿದ್ದರೆ ಎಲ್ಲವೂ ಒಂದೇ ಸಲ ಹುಟ್ಟಿದವು. ಅದು ಆ ಪ್ರಭೇದದ ಸಹಜ ಕ್ರಮವೂ ಇರಬಹುದು, ಹಿಂದಿನ ಆಘಾತದ ಗುರುತೂ ಇರಬಹುದು, ಅಕ್ಕಪಕ್ಕದ ಹಳ್ಳದ ಚಿತ್ರದೊಂದಿಗೆ ಹೋಲಿಸದೆ ನಿರ್ಧರಿಸಬೇಡಿ. ಬೆಚ್ಚನೆಯ ನೀರಿನಲ್ಲಿ ಮರಿಗಳು ಬೇಗ ಬೆಳೆಯುವುದರಿಂದ ನಮ್ಮ ಕಡೆ ಈ ಸರಿಯುವಿಕೆ ಈರಿಗಿಂತ ಚುರುಕಾಗಿರುತ್ತದೆ. ತಿಂಗಳಿಗೊಮ್ಮೆಯಾದರೂ ಹೋಗಬೇಕೆನ್ನುವುದು ಅದಕ್ಕೇ.

ಮರಿ ಇಲ್ಲದಿದ್ದರೆ ಏನನ್ನು ಶಂಕಿಸಬೇಕು

ಮೊದಲು ನಿಮ್ಮನ್ನೇ ಶಂಕಿಸಿ: ಆಳ ಸಾಲದೇ ಹೋಯಿತೇ, ಜರಡಿಯ ಕಣ್ಣು ದೊಡ್ಡದಾಯಿತೇ, ರೆಕ್ಕೆ ಬಂದು ಹೋದ ಮರುವಾರವೇ ನೀವು ಹೋದಿರೇ. ಅದಾದ ಮೇಲೆ ಬೋಗುಣಿಯಲ್ಲಿ ಬೇರೆ ಯಾರಿದ್ದಾರೆ ನೋಡಿ. ರಕ್ತಗೆಂಪಿನ ಕೈರೊನೊಮಸ್ ಹುಳುಗಳೂ ಟ್ಯೂಬಿಫೆಕ್ಸ್ ಎರೆಗಳೂ ಕಿಕ್ಕಿರಿದಿದ್ದರೆ ಆಮ್ಲಜನಕದ ಕೊರತೆಯೇ ಕಾರಣವಿರಬೇಕು. ಅವುಗಳ ಕೆಂಪು ಹಿಮೋಗ್ಲೋಬಿನ್ನಿನದು, ಕಡಿಮೆ ಆಮ್ಲಜನಕದಲ್ಲೂ ಅವು ಉಸಿರಾಡಬಲ್ಲವು.

ಬೆಳಗಿನ ಜಾವದ ಆಮ್ಲಜನಕ ಚೆನ್ನಾಗಿದೆ, ಕೆಸರೂ ಹದವಾಗಿದೆ, ಆದರೂ ಮರಿಯಿಲ್ಲ ಎಂದಾದರೆ ಹಳ್ಳದ ಮೇಲ್ಭಾಗಕ್ಕೆ ನಡೆದು ಹೋಗಿ. ಗದ್ದೆ, ಕಾಫಿ ತೋಟಗಳ ಪೈರಿಥ್ರಾಯ್ಡ್ ಮತ್ತು ಇಮಿಡಾಕ್ಲೋಪ್ರಿಡ್ ಮಾದರಿಯ ಕೀಟನಾಶಕಗಳಿಗೆ ಮೇಫ್ಲೈಗಳು ತೀರ ಬೇಗ ಬಲಿಯಾಗುತ್ತವೆ. ಅಡಿಕೆ ಸೀಮೆಯಲ್ಲಿ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವ ತಾಮ್ರ ಜಲಕೀಟಗಳಿಗೆ ವಿಷ. ಔಷಧಿ ಹೊಡೆದ ಮೇಲೆ ಡ್ರಮ್ಮು, ಪೈಪುಗಳನ್ನು ಹಳ್ಳದಲ್ಲೇ ತೊಳೆಯುವ ಜಾಗ ಎಲ್ಲಿದೆ ಎಂಬುದನ್ನು ಊರವರನ್ನು ಕೇಳಿ ತಿಳಿದು, ಅದರ ಮೇಲೂ ಕೆಳಗೂ ಎರಡು ಕಡೆ ಪೈಪು ಇಳಿಸಿದರೆ ಹೋಲಿಕೆಗೆ ಆಧಾರ ಸಿಗುತ್ತದೆ. ಮರಳು ಎತ್ತಿದ ಕಡೆ ಮನೆಯೇ ಹೋಗಿರುವುದರಿಂದ ಬೇರೆ ಕಾರಣ ಹುಡುಕಬೇಕಿಲ್ಲ.

ಮರಿ ಸಿಕ್ಕಿತೆಂದು ಹಿಗ್ಗಿ ಆ ನೀರನ್ನು ಕುಡಿಯಬೇಡಿ. ಬ್ರಿಟನ್ನಿನಲ್ಲಿ ರೂಪುಗೊಂಡ ಬಿಎಂಡಬ್ಲ್ಯುಪಿ ಎಂಬ ಅಂಕಪದ್ಧತಿ ಎಫೆಮೆರಿಡೆ ಕುಟುಂಬಕ್ಕೆ ಅತ್ಯುನ್ನತವಾದ 10 ಅಂಕ ಕೊಡುತ್ತದೆ, ನಿಜ. ಆದರೆ ಅದು ಕೊಳೆಯುವ ಕಶ್ಮಲ ಮತ್ತು ಆಮ್ಲಜನಕದ ಲೆಕ್ಕ. ನಮ್ಮ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾದಿಂದ ಮೇಫ್ಲೈಗೆ ಏನೂ ಆಗುವುದಿಲ್ಲ.

ಬಿಲವನ್ನು ಗಾಜಿನಲ್ಲಿ ನೋಡುವುದು

ಶಾಲೆಯ ಮಕ್ಕಳಿದ್ದರೆ ಇದನ್ನು ಮಾಡಲೇಬೇಕು. ಒಂದೂವರೆ ಅಡಿ ಅಗಲ, ಒಂದಡಿ ಎತ್ತರದ ಎರಡು ಗಾಜಿನ ಹಲಗೆಗಳ ನಡುವೆ, ಹೆಬ್ಬೆರಳ ದಪ್ಪದ ಮೆತ್ತನೆಯ ರಬ್ಬರ್ ನಳಿಗೆಯನ್ನು ಮೂರು ಬದಿಗೆ ಸುತ್ತಿ ಬರುವಂತೆ ಬಗ್ಗಿಸಿಟ್ಟು, ಅಂಚುಗಳನ್ನು ಗಟ್ಟಿ ಕ್ಲಿಪ್ಪುಗಳಿಂದ ಬಿಗಿದರೆ ತೆಳುವಾದ ನೀರಿನ ತೊಟ್ಟಿಯಾಗುತ್ತದೆ. ಅದೇ ಹಳ್ಳದ ಹೂಳನ್ನು ಜರಡಿ ಹಿಡಿದು ಅರ್ಧದವರೆಗೆ ತುಂಬಿ, ಅದೇ ಹಳ್ಳದ ನೀರನ್ನು ಮೆಲ್ಲಗೆ ಹಾಕಿ, ಒಂದು ದಿನ ತಳವೂರಲು ಬಿಡಿ. ಮೀನಿನ ತೊಟ್ಟಿಗೆ ಬಳಸುವ ಗಾಳಿಯ ಪಂಪನ್ನು ಸಣ್ಣಗೆ ಹಚ್ಚಿ, ನೆರಳಿನಲ್ಲಿಟ್ಟು, ಒಂದೇ ಮರಿಯನ್ನು ಬಿಡಿ. ನಲ್ಲಿಯ ನೀರನ್ನು ಹಾಕಬಾರದು, ಕ್ಲೋರಿನ್ ಅದನ್ನು ಕೊಲ್ಲುತ್ತದೆ.

ಬೆಳಗಾಗುವಷ್ಟರಲ್ಲಿ ಗಾಜಿನ ಪಕ್ಕದಲ್ಲೇ ಬಿಲ ಸಿದ್ಧವಾಗಿರುತ್ತದೆ. ಹಗಲಲ್ಲಿ ಕಪ್ಪು ಕಾಗದದಿಂದ ಗಾಜನ್ನು ಮುಚ್ಚಿಟ್ಟು, ನೋಡುವಾಗ ಮಾತ್ರ ತೆಗೆಯಿರಿ. ಹಾಲಿನ ಒಂದೇ ಒಂದು ತೊಟ್ಟನ್ನು ಡ್ರಾಪರಿನಿಂದ ಬಿಲದ ಬಾಯಿಯ ಹತ್ತಿರ ಬಿಟ್ಟರೆ, ಬಿಳಿಯ ದಾರವೊಂದು ಒಳಕ್ಕೆ ಎಳೆದುಕೊಂಡು ಹೋಗಿ, ಮರಿಯ ತಲೆಯಿಂದ ಬಾಲದ ಕಡೆಗೆ ಕಿವಿರುಗಳ ಮೇಲೆ ಜಾರಿ, ಇನ್ನೊಂದು ಬಾಯಿಯಿಂದ ಹೊಗೆಯಂತೆ ಹೊರಬರುವುದನ್ನು ನೋಡಬಹುದು. ಕೆಲವು ದಿನಗಳಲ್ಲಿ ಬಿಲದ ಗೋಡೆಯ ಸುತ್ತ, ಕಪ್ಪು ಕೆಸರಿನ ನಡುವೆ, ತುಕ್ಕಿನ ಬಣ್ಣದ ತೆಳು ಪಟ್ಟಿ ಮೂಡುತ್ತದೆ. ನೀರಿನ ಜೊತೆ ಒಳಬಂದ ಆಮ್ಲಜನಕ ಕೆಸರಿನ ಕಬ್ಬಿಣದೊಂದಿಗೆ ಸೇರಿದ ಗುರುತು ಅದು.

ರೆಕ್ಕೆ ಬರುವ ರಾತ್ರಿ

ಬೆನ್ನ ಮೇಲಿನ ರೆಕ್ಕೆಚೀಲಗಳು ಕಪ್ಪಾದ ಮರಿ ಇನ್ನು ಕೆಲವೇ ದಿನಗಳಲ್ಲಿ ಮೇಲೇಳುತ್ತದೆ. ತೊಟ್ಟಿಯ ಮೇಲೆ ಸೊಳ್ಳೆಪರದೆಯ ಬಟ್ಟೆ ಕಟ್ಟಿ. ನೀರಿನ ಮೇಲ್ಮೈಯಲ್ಲಿ ಪೊರೆ ಬಿರಿದು ಹೊರಬರುವುದು ಇನ್ನೂ ಪೂರ್ಣ ವಯಸ್ಕವಲ್ಲ. ಮಂಕು ರೆಕ್ಕೆಯ, ಅಂಚಿನಲ್ಲಿ ಸಣ್ಣ ರೋಮವಿರುವ ನಡುವಿನ ಹಂತ. ಅದು ಪರದೆಯ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತು, ಮತ್ತೊಮ್ಮೆ ಪೊರೆ ಕಳಚಿ, ಗಾಜಿನಂತೆ ಹೊಳೆಯುವ ರೆಕ್ಕೆಯೊಂದಿಗೆ ಹೊರಬರುತ್ತದೆ. ಹಾರಬಲ್ಲ ರೆಕ್ಕೆ ಬಂದ ಮೇಲೂ ಪೊರೆ ಕಳಚುವ ಕೀಟಗಳು ಇವು ಮಾತ್ರ. ಈ ನಡುವಿನ ಅವಧಿಯಲ್ಲಿ ಮುಟ್ಟಿದರೆ ರೆಕ್ಕೆ ಅಂಟಿಕೊಂಡು ಪೊರೆ ಬಿಡದೆ ಸಾಯುತ್ತದೆ.

ಹೊಳೆಯ ಬಳಿ ನೋಡುವುದಾದರೆ ಮುಸ್ಸಂಜೆಗೆ ಬಿಳಿ ಪಂಚೆಯೊಂದನ್ನು ಕಟ್ಟಿ, ಅದರ ಮುಂದೆ ದೀಪ ಹಚ್ಚಿ, ಸಮಯ, ಗಾಳಿ, ಮಳೆ ಮತ್ತು ತಿಥಿಯನ್ನು ಬರೆದುಕೊಳ್ಳಿ. ತಿಥಿಯ ಮಾತು ಸುಮ್ಮನೆ ಹೇಳಿದ್ದಲ್ಲ: ಆಫ್ರಿಕಾದ ವಿಕ್ಟೋರಿಯಾ ಸರೋವರದ ಪೊವಿಲ್ಲಾ ಹುಣ್ಣಿಮೆಯ ಆಸುಪಾಸಿನಲ್ಲೇ ಹಿಂಡಾಗಿ ಏಳುತ್ತದೆ ಎಂಬುದು 1950ರ ದಶಕದಲ್ಲೇ ದಾಖಲಾಗಿದೆ. ಹತ್ತಿರದಲ್ಲಿ ಡಾಂಬರು ರಸ್ತೆ ಅಥವಾ ಸೇತುವೆ ಇದ್ದರೆ ಅದನ್ನೂ ನೋಡಿ. ಡಾಂಬರಿನಿಂದ ಪ್ರತಿಫಲಿಸುವ ಬೆಳಕು ನೀರಿನ ಮೇಲ್ಮೈಯಿಂದ ಬರುವ ಬೆಳಕಿನಂತೆಯೇ ಧ್ರುವೀಕೃತವಾಗಿರುವುದರಿಂದ ಹೆಣ್ಣುಗಳು ಮೋಸಹೋಗಿ ರಸ್ತೆಯ ಮೇಲೇ ಮೊಟ್ಟೆ ಸುರಿಯುತ್ತವೆ ಎಂದು ಹಂಗೆರಿಯ ಸಂಶೋಧಕರು 1998ರಲ್ಲಿ ತೋರಿಸಿದರು. ಸೇತುವೆಯ ದೀಪದಡಿ ರಾಶಿ ಬಿದ್ದ ಹುಳುಗಳ ಮೇಲೆ ಬೈಕು ಜಾರುವುದುಂಟು. ಪಂಚೆಯನ್ನು ಸೇತುವೆಯಿಂದ ದೂರ, ನೀರಿನ ಮಟ್ಟಕ್ಕೆ ಹತ್ತಿರ ಕಟ್ಟಬೇಕೆಂದು ಹೇಳುವುದು ಅದಕ್ಕೇ.

ಒಂದು ಗಂಟೆಯಾದ ಮೇಲೆ ದೀಪ ಆರಿಸಿ. ಹೆಣ್ಣುಗಳು ಆ ಹೊತ್ತಿಗೆ ಪಂಚೆಯ ಮೇಲೂ ಹಳದಿ ಮೊಟ್ಟೆಯ ಜೋಡಿ ಮುದ್ದೆಗಳನ್ನು ಬಿಟ್ಟಿರುತ್ತವೆ. ಹೆಕ್ಸಾಜೀನಿಯಾದ ಒಂದು ಹೆಣ್ಣೇ ಸುಮಾರು 4,000 ಮೊಟ್ಟೆ ಇಡುತ್ತದೆ. ಪಂಚೆಯನ್ನು ಹಾಗೇ ಮಡಚಿ ಚೀಲಕ್ಕೆ ತುರುಕಬೇಡಿ. ಮೊಟ್ಟೆ ಒಣಗುವ ಮೊದಲೇ ಅದನ್ನು ಸೆಳವಿಲ್ಲದ ಮಡುವಿಗೆ ಒಯ್ದು, ನೀರಿನಲ್ಲಿ ಅದ್ದಿ, ಎರಡು ಸಲ ಮೆಲ್ಲಗೆ ಅಲುಬಿ ತನ್ನಿ.